ಮೂಲಗೇಣಿಯ ಮೂರನೇ ಮಾಳಿಗೆ

ಪಾರ್ಶ್ವವಾಯು ಬಡಿದು ಅಕ್ಕನ ಎಡಗೈ, ಎಡಗಾಲು ಬಿದ್ದುಹೋದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಮಾತು: ಕೆಳಗೆ ಇಳಿಯಬೇಕು. ಬೋಳಾರದಲ್ಲಿ ನಮ್ಮ ಫ್ಲ್ಯಾಟು ಇರುವುದು ಮೂರನೇ ಮಾಳಿಗೆಯಲ್ಲಿ. ಲಿಫ್ಟ್ ಇಲ್ಲ. ಲಿಫ್ಟಿಗೆಂದು ಬಿಲ್ಡರ್ ಬಿಟ್ಟುಹೋದ ಜಾಗದಲ್ಲಿ ಹಿಡಿಸೂಡಿ, ಬಕೆಟ್ಟು, ಯಾರದೋ ಮುರಿದ ಸೈಕಲ್ಲು ತುಂಬಿಕೊಂಡಿವೆ. ಮೀನು ಮಾರ್ಕೆಟ್ಟಿನಲ್ಲಿ ಕೂತು ದಿನವಿಡೀ ಊರಿನವರ ಜತೆ ಬೊಬ್ಬೆ ಹೊಡೆದವಳು ಈಗ ಕೋಣೆಯ ಕಿಟಕಿಯಿಂದ ಪಕ್ಕದ ಕಟ್ಟಡದ ನೀರಿನ ಟ್ಯಾಂಕು ನೋಡುತ್ತ ಕೂರಬೇಕಾಯಿತು.

ನಾನು ಅವಳ ತಂಗಿ. ಮದುವೆಯಾಗಲಿಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಭಾವ ಬೋಟಿನಲ್ಲಿ ಸಮುದ್ರಕ್ಕೆ ಹೋಗುತ್ತಿದ್ದವರು, ತೀರಿಹೋಗಿ ಬಹಳ ಕಾಲವಾಯಿತು. ಮಕ್ಕಳಿಲ್ಲ. ಫ್ಲ್ಯಾಟು ಅಕ್ಕನ ಹೆಸರಿನಲ್ಲಿದೆ. ಅಕ್ಕನಿಗೆ ನನಗಿಂತ ದೊಡ್ಡ ಸ್ವರ, ನನಗೆ ಅವಳಿಗಿಂತ ದೊಡ್ಡ ಸಿಟ್ಟು. ಹಾಗೆಯೇ ನಮ್ಮ ಸಂಸಾರ ನಡೆದಿತ್ತು.

ತೊಕ್ಕೊಟ್ಟಿನಲ್ಲಿ ಪರಿಚಯದವರೊಬ್ಬರ ಸಣ್ಣ ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ನೆಲದ ಮೇಲಿನ ಮನೆ. ಬಾಗಿಲು ತೆರೆದರೆ ಜಗಲಿ, ಜಗಲಿ ಇಳಿದರೆ ಅಂಗಳ, ಆಚೆ ರಸ್ತೆ. ಫೋನಿನಲ್ಲಿ ಫೋಟೊ ತೋರಿಸಿದೆ. ಕೋಣೆ, ಅಡುಗೆಮನೆ ಯಾವುದನ್ನೂ ಅವಳು ನೋಡಲಿಲ್ಲ. ಜಗಲಿಯ ಫೋಟೊ ಒಂದನ್ನೇ ಹತ್ತಿರ ಹಿಡಿದುಕೊಂಡಳು.

"ಇಲ್ಲಿ ಕೂತರೆ ಮಾರ್ಕೆಟ್ಟಿಗೆ ಹೋಗುವವರು ಕಾಣ್ತಾರಾ?"

"ಕಾಣ್ತಾರೆ."

"ಹಾಗಾದ್ರೆ ಅದೇ ಆಗ್ಲಿ. ಬಾಕಿದ್ದು ನೀನು ನೋಡು. ನನ್ನನ್ನು ಒಮ್ಮೆ ನೆಲಕ್ಕೆ ಮುಟ್ಟಿಸು ಮಾರಾಯ್ತಿ, ಸಾಕು."

ಬಾಡಿಗೆಗೆ ಹೋಗುವ ಎಂದರೆ ಕೇಳುವವಳಲ್ಲ. ಬಾಡಿಗೆ ಮನೆಯಿಂದ ತನ್ನ ಹೆಣ ಎತ್ತುವುದು ಬೇಡ ಎಂದಳು. ಹಾಗಾಗಿ ಈ ಫ್ಲ್ಯಾಟು ಮಾರಬೇಕು, ಆ ಮನೆ ಕೊಳ್ಳಬೇಕು. ಕುಲಶೇಖರದ ಕಡೆಯವರೊಬ್ಬರು ಬಂದು ನೋಡಿ ಒಪ್ಪಿದರು. ಸುಲಭದ ಕೆಲಸ ಎಂದುಕೊಂಡು ನಾನು ವಕೀಲರ ಹತ್ತಿರ ಹೋದೆ. ಅವರು ನನ್ನ ಹಳೆಯ ವಿದ್ಯಾರ್ಥಿ. ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿ ಕನ್ನಡಕ ತೆಗೆದಿಟ್ಟರು.

"ಟೀಚರ್, ಇದು ಮೂಲಗೇಣಿ ಜಾಗ ಅಲ್ವಾ? ಧನಿಗಳ ಒಪ್ಪಿಗೆ ಪತ್ರ ಉಂಟಾ?"

ಘಟ್ಟದ ಮೇಲಿನವರಿಗೆ ಇದನ್ನು ವಿವರಿಸಿ ನನಗೆ ಸಾಕಾಗಿದೆ. ನಮ್ಮ ಕಡೆ ನೆಲ ಒಬ್ಬರದು, ಅನುಭೋಗ ಇನ್ನೊಬ್ಬರದು. ವರ್ಷಕ್ಕೊಮ್ಮೆ ಹೆಸರಿಗೊಂದು ಗೇಣಿ ಕೊಡುತ್ತ ಎಷ್ಟು ತಲೆಮಾರು ಬೇಕಾದರೂ ಕೂರಬಹುದು, ಯಾರೂ ಎಬ್ಬಿಸುವಂತಿಲ್ಲ. ಭಾವನ ಹಿರಿಯರು ಹಾಗೆಯೇ ಹೊಳೆಯ ಹತ್ತಿರ ಮನೆ ಮಾಡಿಕೊಂಡಿದ್ದರು. ಮುಂದೆ ಬಿಲ್ಡರ್ ಬಂದ, ಮನೆ ಹೋಯಿತು, ಫ್ಲ್ಯಾಟು ಎದ್ದಿತು, ನಮಗೆ ಒಂದು ಸಿಕ್ಕಿತು. ಆದರೆ ನೆಲ ಇನ್ನೂ ಧನಿಗಳದ್ದೇ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಪರಭಾರೆ ಮಾಡಕೂಡದು ಎಂದು ಹಳೆಯ ಗೇಣಿಪತ್ರದಲ್ಲೇ ಇದೆ. ಬಿಲ್ಡರ್ ಪಡೆದುಕೊಂಡ ಒಪ್ಪಿಗೆ ಕಟ್ಟುವುದಕ್ಕೆ ಮಾತ್ರ. ಮಾರುವವರು ಪ್ರತಿ ಸಲವೂ ಹೊಸದಾಗಿ ಕೇಳಬೇಕು.

"ಗೇಣಿಯವರಿಗೇ ಒಡೆತನ ಅಂತ ಕಾನೂನು ಬಂದಿದೆಯಂತಲ್ಲ?" ಎಂದೆ.

"ಅದು ಕೋರ್ಟಿನಲ್ಲಿ ಉಂಟು. ಅದನ್ನು ನಂಬಿ ಕೂತ್ರೆ ಕೂತಲ್ಲೇ ಬಾಕಿ. ಧನಿಗಳು ಗಟ್ಟಿ ಇದ್ದಾರಲ್ಲ, ಒಂದು ಸೈನ್ ಹಾಕಿಸಿಕೊಂಡು ಬನ್ನಿ. ಮತ್ತೆಲ್ಲ ನಾನು ಮಾಡ್ತೇನೆ." ಹೀಗೆ ಹೇಳಿ ಒಂದು ಪುಟದ ಒಪ್ಪಿಗೆ ಪತ್ರ ಟೈಪು ಮಾಡಿಸಿ ಕೊಟ್ಟರು.

ಮನೆಗೆ ಬಂದು ಹೇಳಿದರೆ ಅಕ್ಕ ನಾನೇ ಬರುತ್ತೇನೆ ಎಂದು ಕೂತಳು. ಧನಿಗಳ ಹತ್ತಿರ ಕೇಳುವುದಕ್ಕೆ ತಂಗಿಯನ್ನು ಕಳುಹಿಸುವುದು ಮರ್ಯಾದೆಯಲ್ಲವಂತೆ. ಆ ಕಾಲಿನಲ್ಲಿ! ನಾನು ಬೈದೆ, ಅವಳು ನನಗಿಂತ ಜೋರಾಗಿ ಬೈದಳು. ಕಡೆಗೆ ಮಾರ್ಕೆಟ್ಟಿನ ನಾಲ್ಕು ಜನ ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ತಿರುವು ತಿರುವಿನಲ್ಲಿ ಕುರ್ಚಿ ವಾಲುತ್ತಿತ್ತು. "ಅಂಜಲ್ ಮೀನಾದರೆ ಇದಕ್ಕಿಂತ ಜಾಗ್ರತೆಯಿಂದ ತರ್ತಿದ್ರಿ" ಎಂದು ಅವರನ್ನು ಛೇಡಿಸುತ್ತ ಇಳಿದಳು. ಕೆಳಗೆ ತಲುಪಿದಾಗ ಚಪ್ಪಲಿ ಕಳಚಿ ಬಲಗಾಲನ್ನು ಮಣ್ಣಿಗೆ ಒತ್ತಿ ಸ್ವಲ್ಪ ಹೊತ್ತು ಹಾಗೆಯೇ ಕೂತಳು. ನಾನು ಆಚೆ ತಿರುಗಿ ರಿಕ್ಷಾ ಕರೆದೆ.

ಧನಿಗಳದು ಹಳೆಯ ಬಂಟ ಮನೆತನ. ಈಗ ಹೋಟೆಲು, ವ್ಯಾಪಾರ ಎಂದು ಎಲ್ಲೆಲ್ಲಿಗೋ ಹರಡಿದೆ. ಧನಿಗಳು ವಯಸ್ಸಾಗಿ ಸೋತಿದ್ದರು, ಬುದ್ಧಿ ಮಾತ್ರ ಚುರುಕಾಗಿತ್ತು. ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು ಇಷ್ಟು: ಒಳ್ಳೆಯ ಮೀನು, ಒಂದು ಕಟ್ಟು ವೀಳ್ಯದೆಲೆ, ಅಡಿಕೆ ತೆಗೆದುಕೊಂಡು ಹೋಗಿ ಚಾವಡಿಯಲ್ಲಿ ವಿಷಯ ಹೇಳುವುದು. ಧನಿಗಳು ವೀಳ್ಯ ಮುಟ್ಟಿ ಆಗಲಿ ಎಂದರೆ ಆಯಿತು. ಭಾವನ ಮನೆಯವರು ಮನೆಯ ಮಾಡು ಹೊಸದಾಗಿ ಹೊದಿಸಿದ್ದು, ಬಾವಿ ತೆಗೆದದ್ದು, ಅಣ್ಣತಮ್ಮಂದಿರು ಬೇರೆಯಾದದ್ದು, ಎಲ್ಲ ಹೀಗೆಯೇ. ಒಂದಕ್ಕೂ ಕಾಗದ ಇಲ್ಲ, ಒಂದಕ್ಕೂ ತಕರಾರು ಬಂದದ್ದಿಲ್ಲ.

ಅಕ್ಕ ರಿಕ್ಷಾದಿಂದ ಇಳಿದು ನನ್ನ ಹೆಗಲು ಹಿಡಿದು ಕಾಲೆಳೆಯುತ್ತ ಚಾವಡಿಗೆ ಬಂದದ್ದನ್ನು ನೋಡಿ ಧನಿಗಳ ಕಣ್ಣು ತುಂಬಿತು.

"ನೀನು ಯಾಕೆ ಬಂದೆ ಮಾರಾಯ್ತಿ ಈ ಸ್ಥಿತಿಯಲ್ಲಿ? ಹೇಳಿ ಕಳಿಸಿದ್ರೆ ಸಾಕಿತ್ತಲ್ಲ."

"ಧನಿಗಳೇ, ಮನೆ ಮಾರ್ತೇವೆ. ಮೇಲೆ ಹತ್ತಲಿಕ್ಕೆ ಆಗುದಿಲ್ಲ. ನೀವು ಆಗಲಿ ಅನ್ಬೇಕು."

"ನಾನು ಯಾವಾಗ ಬೇಡ ಅಂದದ್ದುಂಟು? ಮಾರು. ಸುಖವಾಗಿರು." ವೀಳ್ಯ ಮುಟ್ಟಿದರು.

ನಾನು ಬ್ಯಾಗಿನ ಜಿಪ್ಪು ಎಳೆದೆ. ಪತ್ರ ಮೇಲೆಯೇ ಇತ್ತು, ಪೆನ್ನು ಕೂಡ. ಅಕ್ಕನ ಬಲಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಮೀನು ಕೊಚ್ಚಿದ ಕೈ ಅದು, ಈಗಲೂ ಕಬ್ಬಿಣ. "ಮುಚ್ಚು" ಎಂದಳು ಪಿಸುಮಾತಿನಲ್ಲಿ. ನಾನು ಮತ್ತೆ ತೆಗೆಯಹೋದೆ. ಧನಿಗಳಿಗೆ ಕಾಣದ ಹಾಗೆ ಉಗುರಿನಿಂದ ಚಿವುಟಿದಳು. ಒಳಗಿನಿಂದ ಪಾನಕ ಬಂತು, ಕುಡಿದೆವು, ಹೊರಟೆವು.

ರಿಕ್ಷಾದಲ್ಲಿ ನಾನು ಬೊಬ್ಬೆ ಹೊಡೆದೆ. ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಲಿ.

"ನಿನಗೆಂತ ಹುಚ್ಚಾ? ಅವರು ಸೈನ್ ಹಾಕ್ತಿದ್ರು!"

"ಹಾಕ್ತಿದ್ರು. ಅದಕ್ಕೇ ಕೇಳಬಾರದು. ವೀಳ್ಯ ಮುಟ್ಟಿದವರ ಎದುರು ಕಾಗದ ಹಿಡಿದ್ರೆ ಎಂತ ಅರ್ಥ? ನಿಮ್ಮ ಮಾತು ನಂಬುದಿಲ್ಲ ಅಂತಲ್ವಾ? ಅವರ ಅನ್ನ ತಿಂದವರು ನಾವು."

"ಅನ್ನ ನಾವು ನಮ್ಮದೇ ತಿಂದದ್ದು!"

"ನಿನ್ನ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ. ಆ ವಕೀಲನಿಗೆ ಹೇಳು, ಧನಿಗಳು ಹೇಳಿ ಆಗಿದೆ ಅಂತ. ಬೇಕಾದ್ರೆ ಅವನೇ ಹೋಗಿ ಕೇಳಲಿ."

ವಕೀಲರು ಹೋಗುವಷ್ಟರಲ್ಲಿ ಧನಿಗಳು ಆಸ್ಪತ್ರೆ ಸೇರಿದ್ದರು. ಅಲ್ಲಿಂದ ಜೀವಂತ ಬರಲಿಲ್ಲ. ಸುದ್ದಿ ಕೇಳಿ ಅಕ್ಕ ಆ ದಿನ ಊಟ ಮಾಡಲಿಲ್ಲ. ಅತ್ತದ್ದು ಧನಿಗಳಿಗಾಗಿ. ನಾನು ಸಿಟ್ಟಿನಿಂದ ಅತ್ತೆ.

ಆ ಮೇಲೆ ಶುರುವಾಯಿತು ನೋಡಿ. ಆ ನೆಲ ಧನಿಗಳ ಸ್ವಂತದ್ದಲ್ಲ, ಕುಟುಂಬದ್ದು. ಹಿಂದಿನ ಅಳಿಯಕಟ್ಟು ಸಂಪ್ರದಾಯದ ಪ್ರಕಾರ ಅಕ್ಕತಂಗಿಯರ ಮಕ್ಕಳ ಕಡೆಗೆ ಹೋಗುವಂಥದ್ದು, ಪಾಲಾಗಿಯೇ ಇರಲಿಲ್ಲ. ಯಜಮಾನರಾಗಿ ಧನಿಗಳೊಬ್ಬರೇ ನೋಡಿಕೊಳ್ಳುತ್ತಿದ್ದುದರಿಂದ ಅವರಿರುವ ತನಕ ಅವರ ಸೈನ್ ನಡೆಯುತ್ತಿತ್ತು. ಈಗ ಎಲ್ಲ ಕವಲಿನವರೂ ಹಾಕಬೇಕು. ಅವರೋ ಮುಂಬಯಿ, ದುಬೈ, ಬೆಂಗಳೂರು ಎಂದು ಚದುರಿದವರು, ಮೇಲಿಂದ ಒಳಗೊಳಗೇ ಪಾಲಿನ ಕೇಸು. ಇವನು ಸೈನ್ ಮಾಡಿದರೆ ಅವಳ ಹಕ್ಕು ಒಪ್ಪಿದ ಹಾಗಾಗುತ್ತದಂತೆ, ಅವಳು ಮಾಡಿದರೆ ಇವನದು. ನಮ್ಮ ಪತ್ರ ಅವರ ಜಗಳದ ನಡುವೆ ಸಿಕ್ಕಿಬಿತ್ತು. ನಮ್ಮ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ನನಗೆ ಮೈ ಉರಿಯುತ್ತಿದ್ದುದು ಅದಕ್ಕೇ, ಬೈಯಲಿಕ್ಕೂ ಒಬ್ಬರು ಸಿಗಬೇಕಲ್ಲ.

ಅಷ್ಟರಲ್ಲಿ ಅಕ್ಕನಿಂದ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿಡುವ ಎಂದರು ವಕೀಲರು. ಕೊಳ್ಳುವ ಕುಲಶೇಖರದವರು ಬೇಡವೆಂದು ಕೈ ಮುಗಿದರು. "ಮೂಲಗೇಣಿಯ ಫ್ಲ್ಯಾಟಿಗೆ ಸಾಲ ಕೊಡ್ಲಿಕ್ಕೇ ಬ್ಯಾಂಕಿನವರು ಹಿಂದೆ ಮುಂದೆ ನೋಡ್ತಾರೆ ಟೀಚರ್, ಅದರ ಮೇಲೆ ಇದು ಬೇರೆ ಬೇಡ. ನಾನು ಕಾಯ್ತೇನೆ, ಅಕ್ಕನೇ ಬರ್ಕೊಡ್ಲಿ." ಒಳ್ಳೆಯ ಮನುಷ್ಯ. ತೊಕ್ಕೊಟ್ಟಿನವರೂ ಕಾಯುತ್ತೇವೆ ಎಂದರು.

ಅಕ್ಕನೂ ಕಾದಳು. ಮೊದಮೊದಲು ದಿನಾ ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ಒಮ್ಮೆ ಮಾತ್ರ, ನಾನು ತಲೆ ಬಾಚುತ್ತಿದ್ದಾಗ, "ಅವತ್ತು ನಿನ್ನ ಕೈ ಚಿವುಟಬಾರದಿತ್ತು" ಎಂದಳು. ನಾನು ಸಿಕ್ಕು ಬಿಡಿಸುತ್ತಲೇ ಇದ್ದೆ. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಎರಡನೇ ಸಲ ವಾಯು ಬಡಿಯಿತು. ಆಸ್ಪತ್ರೆಗೆ ಸ್ಟ್ರೆಚರಿನಲ್ಲಿ ಬಿಗಿದು ಇಳಿಸಿದರು, ಸ್ಟ್ರೆಚರಿನಲ್ಲೇ ಹತ್ತಿಸಿ ತಂದರು. ಜೀವ ಉಳಿಯಿತು, ಮಾತು ಹೋಯಿತು. ಆ ಸ್ವರ! ಮಾರ್ಕೆಟ್ಟಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದ ಸ್ವರ. ನಾನು ಕೇಳುತ್ತಿದ್ದೆ, ಅವಳು ಹೌದೆಂದು ತಲೆಯಾಡಿಸುತ್ತಿದ್ದಳು. ಗಂಜಿ ಕುಡಿಯುತ್ತೀಯಾ? ತಲೆಯಾಡಿಸುತ್ತಿದ್ದಳು. ಮಲಗುತ್ತೀಯಾ? ನಾವು ತೊಕ್ಕೊಟ್ಟಿಗೆ ಹೋಗುವನಾ? ಅದಕ್ಕೂ ತಲೆಯಾಡಿಸುತ್ತಿದ್ದಳು. ಮಾತಿಲ್ಲದಿದ್ದರೆ ಏನಾಯಿತು, ಅಕ್ಕ ಒಳಗೆ ಇದ್ದಾಳೆ ಎಂದು ಎಲ್ಲರಿಗೂ ಹೇಳಿದೆ. ನನಗೂ ಅದೇ ಸಮಾಧಾನ.

ಆಮೇಲೆ ಒಂದು ಬೆಳಗ್ಗೆ ಧನಿಗಳ ತಂಗಿಯ ಮಗಳು, ಹೋಟೆಲು ನೋಡಿಕೊಳ್ಳುವವಳು, ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒಪ್ಪಿಗೆ ಪತ್ರ. ಅವರಿವರ ಕಾಲು ಹಿಡಿದು, ಕೇಸಿಗೆ ಬಾಧಕವಿಲ್ಲ ಎಂದು ಬರೆಸಿ, ಎಲ್ಲರ ಸೈನ್ ಹಾಕಿಸಿದ್ದಳು.

"ಮಾವ ವೀಳ್ಯ ಮುಟ್ಟಿದ್ದರಂತಲ್ಲ ಟೀಚರ್. ನಮಗೆ ನಿದ್ದೆ ಬರ್ಬೇಕಲ್ಲ" ಎಂದಳು. ಅಕ್ಕನನ್ನು ನೋಡಿ ಪತ್ರವನ್ನು ನನ್ನ ಕೈಗೆ ಕೊಟ್ಟಳು.

ನಡೆಯಲಾಗದವರಿದ್ದರೆ ನೋಂದಣಿ ಕಚೇರಿಯವರು ಮನೆಗೇ ಬಂದು ಕ್ರಯಪತ್ರ ಮಾಡಿಸಿಕೊಳ್ಳುತ್ತಾರೆ. ವಕೀಲರು ಅದಕ್ಕೂ ಏರ್ಪಾಡು ಮಾಡಿದರು. ಅಕ್ಕನಿಗೆ ಒಳ್ಳೆಯ ಸೀರೆ ಉಡಿಸಿ, ದಿಂಬು ಕೊಟ್ಟು ಕೂರಿಸಿದೆ. ಬಂದ ಅಧಿಕಾರಿ ವಯಸ್ಸಾದವರು, ಮೃದು ಮಾತು. ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು.

"ಅಮ್ಮ, ಈ ಮನೆ ಮಾರಲಿಕ್ಕೆ ನಿಮಗೆ ಒಪ್ಪಿಗೆ ಉಂಟಾ?"

ಅಕ್ಕ ತಲೆಯಾಡಿಸಿದಳು. ನಾನು ವಕೀಲರ ಮುಖ ನೋಡಿದೆ. ಅವರು ನಕ್ಕರು.

ಅಧಿಕಾರಿ ಅದೇ ಸ್ವರದಲ್ಲಿ ಕೇಳಿದರು. "ಅಮ್ಮ, ಈ ಮನೆ ಮಾರುದು ಬೇಡವಾ?"

ಅಕ್ಕ ತಲೆಯಾಡಿಸಿದಳು. ದೊಡ್ಡವರ ಎದುರು ಆಡಿಸುವಂತೆ, ಮರ್ಯಾದೆಯಿಂದ, ಸಣ್ಣಗೆ ನಗುತ್ತ.

"ಇವರು ನಿಮ್ಮ ತಂಗಿಯಾ?" ತಲೆಯಾಡಿಸಿದಳು. "ಇವರು ನಿಮ್ಮ ಅಮ್ಮನಾ?" ಅದಕ್ಕೂ ಆಡಿಸಿದಳು.

ಅಧಿಕಾರಿ ಪೆನ್ನು ಜೇಬಿಗೆ ಸಿಕ್ಕಿಸಿದರು. ನಾನು ಎದ್ದು ನಿಂತು ಕೂಗಿದೆ. "ಹೆಬ್ಬೆಟ್ಟು ಒತ್ತಿಸಿಕೊಳ್ಳಿ! ಅವಳ ಮನಸ್ಸು ನನಗೆ ಗೊತ್ತುಂಟು, ಊರಿಗೇ ಗೊತ್ತುಂಟು!"

"ಬೆರಳನ್ನು ಯಾರು ಬೇಕಾದ್ರೂ ಹಿಡಿದು ಒತ್ತಿಸಬಹುದು ಟೀಚರ್. ಅವರ ಮನಸ್ಸು ನನಗೆ ಅವರಿಂದಲೇ ಗೊತ್ತಾಗ್ಬೇಕು. ಕ್ಷಮಿಸಿ, ನನಗೆ ಇದನ್ನು ನೋಂದಣಿ ಮಾಡ್ಲಿಕ್ಕೆ ಆಗುದಿಲ್ಲ."

ಅವರು ಹೇಳಿದ್ದು ಸರಿ. ಹಾಳಾದ್ದು, ಸರಿಯೇ. ಕೋರ್ಟಿಗೆ ಹಾಕಿ ನನ್ನನ್ನು ಪೋಷಕಿ ಎಂದು ನೇಮಕ ಮಾಡಿಸಬೇಕು, ಆಮೇಲೆ ಮಾರಲು ಅನುಮತಿ ಕೇಳಬೇಕು, ತಡವಾಗಬಹುದು ಎಂದರು ವಕೀಲರು. ಕುಲಶೇಖರದವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಇನ್ನು ಕಾಯಲಾಗುವುದಿಲ್ಲ ಎಂದು ಮೆಲ್ಲನೆ ಹೇಳಿ ಇಳಿದು ಹೋದರು.

ಎಲ್ಲರೂ ಹೋದ ಮೇಲೆ ಸೀರೆ ಬಿಚ್ಚಿ ನೈಟಿ ಹಾಕಿಸಿದೆ. ಗಂಜಿ ಕುಡಿಸಿದೆ, ಬಾಯಿ ಒರೆಸಿದೆ. ಅವಳ ಹತ್ತಿರ ಕೂತು ಕೇಳಿದೆ. "ಅಕ್ಕ, ಕೆಳಗೆ ಹೋಗುವನಾ?"

ತಲೆಯಾಡಿಸಿದಳು.

ನಾವು ಇಲ್ಲೇ ಇರುವನಾ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.