ಮುತ್ತಿನಂಥ ಚೀಟಿ

ಮೊನ್ನೆ ಹೊಸಪೇಟೆಯ ಔಷಧಿ ಅಂಗಡಿಯಾತ ನನ್ನ ಚೀಟಿ ನೋಡಿ, "ಡಾಕ್ಟರ ಬರವಣಿಗಿ ಹಿಂಗೂ ಇರತೈತೇನ್ರಿ? ಮುತ್ತು ಪೋಣಿಸಿದಂಗ ಐತಿ" ಎಂದ. ಹೊಗಳಿಕೆ ಯಾರಿಗೆ ಬೇಡ ಹೇಳಿ? ಆದರೂ ನನಗೆ ಮುಖ ಬಿಸಿಯಾಯಿತು.

ಗಣಿಯ ಭರಾಟೆಯ ಕಾಲದಲ್ಲಿ, ಇಲ್ಲಿನ ಒಂದು ಆಸ್ಪತ್ರೆಗೆ ತರಬೇತಿಗೆ ಬರುತ್ತಿದ್ದ ವೈದ್ಯ ವಿದ್ಯಾರ್ಥಿಗಳಿಗೆ ಚೀಟಿ ಬರೆಯುವುದನ್ನು ಕಲಿಸುತ್ತಿದ್ದವನು ನಾನು. ಕಲಿಸುವುದೆಂದರೆ ಬೈಯುವುದು ಎಂದೇ ನಂಬಿದ್ದೆ. ಮದ್ದಿನ ಹೆಸರು ಪೂರ್ತಿ ಇರಬೇಕು. ಎಷ್ಟು, ಯಾವಾಗ, ಎಷ್ಟು ದಿನ ಎಂಬುದು ಕನ್ನಡದಲ್ಲಿರಬೇಕು. ತಪ್ಪಿದರೆ ರೋಗಿಯ ಎದುರೇ ಹರಿದು ಹಾಕುತ್ತಿದ್ದೆ. ಮೆಟ್ರಿ ಎಂಬ ಹಳ್ಳಿಯಿಂದ ಬರುತ್ತಿದ್ದ ಶಿವಲೀಲಾಳ ಚೀಟಿಗಳಂತೂ ಕೋಳಿ ಕೆದರಿದ ತಿಪ್ಪೆ! ಪಾಪ, ಆ ಹುಡುಗಿ ತಲೆ ತಗ್ಗಿಸಿಕೊಂಡು ಮತ್ತೆ ಬರೆಯುತ್ತಿದ್ದಳು.

ಒಂದು ಮಧ್ಯಾಹ್ನ ಸಂಡೂರು ಕಡೆಯ ಅದಿರು ಲಾರಿ ಡ್ರೈವರ್ ಒಬ್ಬ ಬಂದ. ರೆಪ್ಪೆಯವರೆಗೂ ಕೆಂಪು ದೂಳು, ಸೀನೋ ಸೀನು. "ನೋಡಿ ಕಲೀರಿ" ಎಂದು ನಾನೇ ಪೆನ್ನು ಹಿಡಿದು ಅಲರ್ಜಿಯ ಮಾತ್ರೆ ಬರೆದೆ: ರಾತ್ರಿ ಒಂದು, ಐದು ದಿನ. ಚೀಟಿಯನ್ನು ಎಲ್ಲರಿಗೂ ಎತ್ತಿ ತೋರಿಸಿದೆ. ದೃಷ್ಟಿ ತೆಗೆಯಬೇಕು, ಹಾಗಿತ್ತು ಅಕ್ಷರ. ಆತ ಕೈಮುಗಿದು ಹೋದ.

ಶಿವಲೀಲಾ ಮಾತ್ರ ಬಾಗಿಲ ಕಡೆಯೇ ನೋಡುತ್ತಿದ್ದಳು. ಇನ್ನಿಬ್ಬರು ರೋಗಿಗಳು ಬಂದು ಹೋದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು.

"ಸರ್, ಆ ಗುಳಿಗಿಗೆ ನಿದ್ದಿ ಬರತೈತಲ್ರಿ. ಅವರು ರಾತ್ರಿಯೆಲ್ಲಾ ಗಾಡಿ ಹೊಡೀತಾರ. ನಮ್ಮ ಮಾವಾನೂ ಅದನ್ನ ಮಾಡ್ತಾನ."

ಕುರ್ಚಿ ತಳ್ಳಿ ಎದ್ದೆ. ಇಬ್ಬರೂ ಓಡಿದೆವು. ಪುಣ್ಯಕ್ಕೆ ಆತ ಗೇಟಿನಾಚೆ ಚಹಾ ಕುಡಿಯುತ್ತಿದ್ದ.

"ಅಣ್ಣಾ, ನೀವು ಮಲಗೂದು ಯಾವಾಗ್ರಿ?" ಕೇಳಿದವಳು ಶಿವಲೀಲಾಳೇ.

"ಹೊತ್ತು ಹುಟ್ಟಿದ ಮ್ಯಾಲರೀ, ಲೋಡ್ ಇಳಿಸಿ. ರಾತ್ರಿ ಎಲ್ಲೀದು ನಿದ್ದಿ?" ಎಂದು ಆತ ನಕ್ಕ.

ಕೊಂಡ ಮಾತ್ರೆ ಅಂಗಿಯ ಕಿಸೆಯಲ್ಲೇ ಇತ್ತು. ಅದನ್ನು ಇಸಿದುಕೊಂಡು, ನಿದ್ದೆ ತರಿಸದ ಬೇರೆ ಮಾತ್ರೆ ಬರೆದುಕೊಟ್ಟೆ. ಅವಸರಕ್ಕೆ ನನ್ನ ಅಕ್ಷರವೂ ಕೋಳಿಯ ಕೆದರಾಟವೇ ಆಯಿತು.

ಮರಳುವಾಗ ಕೇಳಿದೆ, "ಆತ ಎದುರಿಗೆ ಕುಂತಾಗನ ಯಾಕ ಹೇಳಲಿಲ್ಲವ್ವಾ?"

"ಬೈತೀರಿ ಅಂತ ಅಂಜಿದ್ನಿರಿ ಸರ್."

ನನಗೆ ಅಳು ಬಂತು ಎಂದರೆ ನಗಬೇಡಿ. ಅವಳು ಇನ್ನೊಂದು ಗಳಿಗೆ ಅಂಜಿದ್ದರೆ ಆ ಮನುಷ್ಯ ರಾತ್ರಿ ಆ ಮಾತ್ರೆ ನುಂಗಿ ಸ್ಟೇರಿಂಗ್ ಹಿಡಿದಿರುತ್ತಿದ್ದ. ಅಂದಿನಿಂದ ಚೀಟಿ ಹರಿಯುವುದು ಬಿಟ್ಟೆ. ರೋಗಿ ಏಳುವ ಮೊದಲು ನನ್ನ ಚೀಟಿಯನ್ನೇ ಹುಡುಗರ ಕೈಗೆ ಕೊಟ್ಟು, ತಪ್ಪು ಹುಡುಕಲು ಹೇಳುತ್ತಿದ್ದೆ.

ಈಗ ನನ್ನ ಮುಂದೆ ವಿದ್ಯಾರ್ಥಿಗಳಿಲ್ಲ. ಅಂಗಡಿಯಾತನಿಗೇ ಹೇಳಿದೆ, "ಅಕ್ಷರ ಹಾಳಾಗಿ ಹೋಗಲಿ ತಮ್ಮಾ. ಬರದದ್ದು ಸರಿ ಐತೇನು ನೋಡು. ತಪ್ಪಿದ್ರ ಹೇಳು, ಅಂಜಬ್ಯಾಡ."