ವ್ಯಾನಿನಲ್ಲಿ ಕರಿಯನ ಸೀಟು

ವ್ಯಾನು ಹೊರಡುವುದರಲ್ಲಿತ್ತು. ಬಾಗಿಲ ಬಳಿ ಬಾಲ ಆಡಿಸುತ್ತ ನಿಂತ ನಮ್ಮ ನಾಯಿ ಕರಿಯನನ್ನು ಕಂಡದ್ದೇ ಅತ್ತೆ ಸರಕ್ಕನೆ ಕೆಳಗಿಳಿದು ಜಗಲಿಯ ಮೇಲೆ ಕೂತುಬಿಟ್ಟರು.

ತೊಂಬತ್ತರ ದಶಕದ ಮಾತು. ಮಾಡದಕೆರೆಯಿಂದ ಮನೆದೇವರು ಮೈಲಾರಲಿಂಗನ ದರ್ಶನಕ್ಕೆ, ದಾರಿಯಲ್ಲಿ ಅಡುಗೆ ಮಾಡಿಕೊಳ್ಳುತ್ತ ಹೋಗಿಬರುವ ಪ್ರಯಾಣ. ಒಲೆ, ಪಾತ್ರೆ, ಯಾರು ಎಲ್ಲಿ ಕೂರಬೇಕು ಎಂಬುದನ್ನೆಲ್ಲ ವಾರವಿಡೀ ಯೋಚಿಸಿದ್ದೆವು. ಕರಿಯನ ನೆನಪೇ ಯಾರಿಗೂ ಬಂದಿರಲಿಲ್ಲ.

“ನಮಗೇ ಜಾಗ ಇಲ್ಲ, ಅದು ಎಲ್ಲಿ ಕುಂತ್ಕಂತೈತೆ?” ಎಂದು ಮುಂದಿನ ಸೀಟಿನಲ್ಲಿದ್ದ ಮಾವ ರೇಗಿದರು.

“ಮೈಲಾರಲಿಂಗನ ಜೊತೆಗಿರೋದೇ ನಾಯಿ. ಇದನ್ನ ಬಿಟ್ಟು ಹೋಗಿ ಸ್ವಾಮಿ ಮುಂದೆ ಯಾವ ಮುಖ ಇಟ್ಕಂಡು ನಿಂತ್ಕಳಾಣ? ನೀವು ಹೋಗ್ಬರ್ರಿ, ನಾನು ಇದರ ಜೊತೆ ಇರ್ತೀನಿ,” ಎಂದರು ಅತ್ತೆ.

ಗಂಡನ ಮುಂದೆ ಎಂದೂ ದನಿ ಎತ್ತದ ಅತ್ತೆ! ಹೊಸ ಸೊಸೆಯಾದ ನಾನು ಮಾವನ ಮುಖವನ್ನೇ ನೋಡುತ್ತ ಕೂತಿದ್ದೆ. ಮಾವ ಇಳಿದು, ಹಿಂದೆ ಬಂದು ಪಾತ್ರೆಗಳ ನಡುವೆ ತೂರಿಕೊಂಡರು. ಕರಿಯ ಅವರ ಸೀಟೇರಿದ; ಅತ್ತೆಯೂ ವ್ಯಾನು ಹತ್ತಿದರು. ಕಿಟಕಿಯಿಂದ ತಲೆ ಹೊರಹಾಕಿದ್ದ ಅವನನ್ನು ಹೊಸದುರ್ಗ ಪೇಟೆಯ ಜನ ನಿಂತು ನೋಡಿದರು. ನಾನು ಅತ್ತೆಯ ಪಕ್ಕಕ್ಕೆ ಸರಿದು ಹೆಮ್ಮೆಯಿಂದ ಕೂತೆ.

ಎಷ್ಟೋ ವರ್ಷದ ಮೇಲೆ ಮನೆಗೊಂದು ಕಾರು ನೋಡಲು ಹೋದೆವು. ಬೆಲೆಯನ್ನೂ ವಿಚಾರಿಸದೆ, “ಇದ್ರಾಗೆ ನಾಯಿ ಎಲ್ಲಿ ಕುಂತ್ಕಂತೈತೆ?” ಎಂದು ಮೊದಲು ಕೇಳಿದವರು ನಮ್ಮ ಮಾವ.