ಕೆಳಗೆ ಯಾರಿದ್ದಾರೆ ಎಂದು ಕೇಳಿದವರು

“ಈ ಮನುಷ್ಯನಿಗೆ ಆಕಾಶದ ಕೆಲಸ ಕೊಟ್ಟೋರು ಯಾರ್ರೀ? ಚರಂಡಿ ಮುಚ್ಚಳ ಎಣಿಸ್ಕೊಂಡು ಇರೋಕೆ ಲಾಯಕ್ಕು.”

ಇದನ್ನು ಹೇಳಿದವರು ಡ್ರೋನ್ ಪರವಾನಗಿ ಕೊಡುವ ಕಚೇರಿಯ ನಿರ್ದೇಶಕರು. ಹೇಳಿದ್ದು ಸಭಾಂಗಣದಲ್ಲಿ, ಮೈಕಿನಲ್ಲಿ, ನಗರದಲ್ಲಿ ಡ್ರೋನ್ ಹಾರಿಸಿ ಹೊಟ್ಟೆ ಹೊರೆಯುವ ನಲವತ್ತು ಮಂದಿಯ ಎದುರಿಗೆ. ಅನ್ನಿಸಿಕೊಂಡವರು ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಕಂದು ಕಡತ ಇಟ್ಟುಕೊಂಡು ಕುಳಿತಿದ್ದರು. ಕೆಲವರು ನಕ್ಕರು. ನಕ್ಕವರಲ್ಲಿ ಮೂವರು ಈ ಅಭಿನಂದನ ಗ್ರಂಥಕ್ಕೂ ಲೇಖನ ಕೊಟ್ಟಿದ್ದಾರೆಂದು ಕೇಳಿದ್ದೇನೆ. ಅವು ಯಾವ ಪುಟದಲ್ಲಿವೆ ಎಂಬುದನ್ನು ಓದುಗರೇ ಹುಡುಕಿಕೊಳ್ಳಲಿ.

ಅಭಿನಂದನ ಗ್ರಂಥದ ಲೇಖನ ಹೀಗೆ ಆರಂಭವಾಗಬಾರದು ಎಂದು ಸಂಪಾದಕರು, ಎಂದರೆ ಅದೇ ಕಚೇರಿಯ ದಾಖಲೆ ಕೊಠಡಿಯಿಂದ ನಿವೃತ್ತರಾದ ಗುಮಾಸ್ತರು, ನನಗೆ ಎರಡು ಸಲ ತಿಳಿಹೇಳಿದರು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಹೇಗೆ ಆರಂಭವಾಗಬೇಕೆಂದು ನನಗೆ ಯಾರೂ ಕಲಿಸಿಲ್ಲ. ನಡೆದದ್ದು ನಡೆದ ಹಾಗೆ ಬರೆಯುವುದನ್ನು ಮಾತ್ರ ಒಬ್ಬರು ಕಲಿಸಿದರು. ಆ ಕೊನೆಯ ಕುರ್ಚಿಯಲ್ಲಿದ್ದವರು ಅವರೇ, ಅವರ ಬಗ್ಗೆಯೇ ಈ ಲೇಖನ.

ಕಟ್ಟಡ ಪರವಾನಗಿ ವಿಭಾಗದಲ್ಲಿ ಕಿರಿಯ ಗುಮಾಸ್ತರಾಗಿ ಸೇರಿ, ಜಾಹೀರಾತು ಫಲಕ, ಹೊಗೆ ಕೊಳವೆ, ಮೊಬೈಲ್ ಗೋಪುರ ಎಂದು ನೆಲಕ್ಕಿಂತ ಮೇಲಿರುವ ಎಲ್ಲದರ ಕಡತಗಳನ್ನೂ ಮೂವತ್ತಮೂರು ವರ್ಷ ನಿಷ್ಠೆಯಿಂದ ನಿರ್ವಹಿಸಿದ ಮಾನ್ಯರು, ಈ ನಗರದಲ್ಲಿ ಡ್ರೋನ್ ಹಾರಾಟಕ್ಕೆ ಮೊದಲ ಸ್ಥಳೀಯ ನಿಯಮಗಳನ್ನು ಬರೆದವರು. ಆ ಹೊಸ ಕಡತ ಯಾವ ಮೇಜಿಗೂ ಬೇಡವಾಗಿ ಮೂರು ತಿಂಗಳು ಕಚೇರಿಯೊಳಗೇ ಅಲೆದು, ಕೊನೆಗೆ ಕಿಟಕಿಯಿಲ್ಲದ ಮೂಲೆಯಲ್ಲಿ ಕುಳಿತಿದ್ದ ಅವರ ಮೇಜಿಗೆ ಬಂದು ಬಿತ್ತು. ಆಸ್ಪತ್ರೆಯ ಸುತ್ತ ಎಷ್ಟು ದೂರ ಬಿಡಬೇಕು, ಶಾಲೆಯ ಮೇಲೆ ಯಾವ ಹೊತ್ತಿನಲ್ಲಿ ಹಾರಬಾರದು, ಮನೆಯ ಕಿಟಕಿಗೆ ಎಷ್ಟು ಹತ್ತಿರ ಹೋದರೆ ಇಣುಕಿದಂತೆ ಎಂಬುದನ್ನೆಲ್ಲ ಅವರು ಕೈಯಾರೆ ಬರೆದರು. ಬೇರೆ ಊರುಗಳ ನಿಯಮಗಳಲ್ಲೂ ಇಂಥವು ಇರಬಹುದು. ಆದರೆ ಅರ್ಜಿಯ ಹದಿನಾಲ್ಕನೇ ಕಲಂ ಅವರದೇ. ಅದರಲ್ಲಿ ಎರಡೇ ಪದಗಳಿದ್ದವು: ‘ಕೆಳಗೆ ಯಾರಿದ್ದಾರೆ?’

ಆ ಕಲಮನ್ನು ಕುಳಿತಲ್ಲಿಂದ ತುಂಬುವಂತಿರಲಿಲ್ಲ. ಡ್ರೋನ್ ಹೋಗುವ ದಾರಿಯನ್ನು ಹಾರಿಸುವವನು ಮೊದಲು ಕಾಲ್ನಡಿಗೆಯಲ್ಲಿ ಕ್ರಮಿಸಬೇಕು, ಕೆಳಗೆ ಯಾರು ಬದುಕುತ್ತಾರೆ, ಯಾರು ದುಡಿಯುತ್ತಾರೆ ಎಂದು ಕೇಳಿ ಬರೆಯಬೇಕು. ಮಾನ್ಯರು, ನಮ್ಮ ಬಾಯಲ್ಲಿ ಸಾಹೇಬರು, ಜೊತೆಗೇ ಬರುತ್ತಿದ್ದರು. ನಾವೆಲ್ಲ ಅವರಿಗೆ ‘ನಡಿಗೆ ಸಾಹೇಬರು’ ಎಂದು ಹೆಸರಿಟ್ಟದ್ದು ಅದಕ್ಕೇ. ಬೈದುಕೊಂಡೇ ಇಟ್ಟೆವು. ಬಿಸಿಲಿನಲ್ಲಿ ಎರಡು ಮೈಲಿ ಸುತ್ತಿಸುವವರನ್ನು ಯಾರು ತಾನೇ ಹೊಗಳುತ್ತಾರೆ?

ನಾನು ಅವರ ಬಳಿ ಹೋದದ್ದು ತಪ್ಪಿತಸ್ಥನಾಗಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದವನು ಹಳೆಯ ಡ್ರೋನ್ ಒಂದನ್ನು ಕೊಂಡು, ಮಾಳಿಗೆಯ ನೀರಿನ ಟ್ಯಾಂಕು, ಸೋರುವ ಶೀಟುಗಳ ಫೋಟೊ ತೆಗೆದುಕೊಡುವ ಕೆಲಸ ಶುರು ಮಾಡಿದ್ದೆ. ಪರವಾನಗಿ ಇರಲಿಲ್ಲ. ಪೊಲೀಸರು ಯಂತ್ರ ಕಿತ್ತುಕೊಂಡರು. ಅರ್ಜಿ ಹಿಡಿದು ಹೋದರೆ, ಕೌಂಟರಿನವರು ಅದರ ಮೇಲಿನ ಕಾಗುಣಿತ ನೋಡಿ ನಕ್ಕು ಒಳಗೆ ಕಳಿಸಿದರು. ಸಾಹೇಬರು ನಗಲಿಲ್ಲ. ಹದಿನಾಲ್ಕನೇ ಕಲಮಿನಲ್ಲಿ ನಾನು ‘ಸಾರ್ವಜನಿಕರು’ ಎಂದು ಬರೆದಿದ್ದೆ. ಪಕ್ಕದವನದ್ದು ನೋಡಿ ಬರೆದದ್ದು.

“ಸಾರ್ವಜನಿಕರು ಅಂದ್ರೆ ಯಾರಪ್ಪ? ಅವರ ಮನೆ ಎಲ್ಲಿದೆ?” ಎಂದರು.

ಅವರು ಕಡತ ಮುಚ್ಚಿ ಎದ್ದರು.

“ನಡಿ, ನೋಡ್ಕೊಂಡು ಬರೋಣ.”

ಅಂದು ಆರು ಬೀದಿ ಸುತ್ತಿದೆವು. ನನ್ನ ದಾರಿಯ ಕೆಳಗೆ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸ್ ಒಬ್ಬರಿದ್ದರು. ಮಾಳಿಗೆಯಲ್ಲಿ ಪೈಪು ಹಿಡಿದು ಸ್ನಾನ ಮಾಡುವ ಬಡಗಿಯೊಬ್ಬ ಇದ್ದ. “ಬೆಳಿಗ್ಗೆ ಎಂಟರೊಳಗೆ ಮಾತ್ರ ಬರಬೇಡ ಮಾರಾಯ, ನಿನಗೂ ಒಳ್ಳೇದಲ್ಲ” ಎಂದ. ಸದ್ದು ಕೇಳಿದರೆ ಮಂಚದ ಕೆಳಗೆ ಹೊಗುವ ಮಗನಿದ್ದ ತಾಯಿ ಇದ್ದಳು. ಇವನ್ನೆಲ್ಲ ಬರೆಯಲು ನನಗೆ ಬರುವುದಿಲ್ಲ ಎಂದಾಗ, “ನಂಗೆ ಹೇಳ್ದೆಯಲ್ಲ, ಹಾಗೇ ಬರಿ. ತಪ್ಪಾದ್ರೆ ತಿದ್ದೋಣ,” ಎಂದರು. ನಾಲ್ಕು ಸಲ ತಿದ್ದಿದರು. ಪರವಾನಗಿಯ ಕಾಗದ ಕೊಡುವಾಗ, “ನರ್ಸಮ್ಮನಿಗೆ ಸಂಜೆ ನಾಲ್ಕಕ್ಕೆ ಎಚ್ಚರ ಆಗುತ್ತೆ, ನೆನಪಿರ್ಲಿ,” ಎಂದಷ್ಟೇ ಹೇಳಿದರು. ಪೊಲೀಸ್ ಠಾಣೆಗೆ ತಾವೇ ಬಂದು ನನ್ನ ಯಂತ್ರ ಬಿಡಿಸಿಕೊಟ್ಟರು.

ಮುಂದಿನ ಐದು ವರ್ಷಗಳಲ್ಲಿ ಆ ಕಲಂ ತುಂಬಿಸಿಕೊಂಡು ಕೊಟ್ಟ ಪರವಾನಗಿಗಳಲ್ಲಿ ಒಂದರಿಂದಲೂ ಒಬ್ಬರಿಗೂ ಗಾಯವಾಗಲಿಲ್ಲ. ಇದನ್ನು ಯಾರೂ ಸಾಧನೆ ಎಂದು ಬರೆದುಕೊಳ್ಳಲಿಲ್ಲ. ಆಗದೇ ಇದ್ದದ್ದಕ್ಕೆ ಹಾರ ಹಾಕುವವರಿಲ್ಲ. ತಡವಾಗುತ್ತದೆ ಎಂಬ ದೂರುಗಳು ಮಾತ್ರ ಕಟ್ಟುಕಟ್ಟಾಗಿ ಬಂದವು, ಪಾರ್ಸೆಲ್ ಕಂಪನಿಗಳಿಂದ.

ಆಮೇಲೆ ಬಂದದ್ದು ಗಣಕದ ಪದ್ಧತಿ. ನಾನು ಮೊದಲು ಹೇಳಿದ ಸಭೆ ಅದರ ಉದ್ಘಾಟನೆಯದು. ಅರ್ಜಿ ಅಧಿಕಾರಿಯ ಫೋನಿಗೆ ಬರುತ್ತದೆ. ಅಧಿಕಾರಿ ಅರ್ಧ ಗಂಟೆಯೊಳಗೆ ತಡೆದರೆ ತಡೆ, ಇಲ್ಲದಿದ್ದರೆ ಅದು ಅವರ ಹೆಸರಿನಲ್ಲೇ ತಾನಾಗಿ ಮಂಜೂರು. ಹದಿನಾಲ್ಕನೇ ಕಲಂ ಇಲ್ಲ. ಜೊತೆಗೆ ಇನ್ನೊಂದು ಸುತ್ತೋಲೆ: ಅಧಿಕಾರಿಗಳು ಅರ್ಜಿದಾರರನ್ನು ಕಚೇರಿಯ ಹೊರಗೆ ಭೇಟಿಯಾಗಕೂಡದು, ಭೇಟಿಯಾದರೆ ಇಬ್ಬರ ಮೇಲೂ ಕ್ರಮ, ಅರ್ಜಿದಾರನ ಪರವಾನಗಿ ಖಾಯಂ ರದ್ದು. ಅಂದು ಸಾಹೇಬರು ಎದ್ದು ನಿಂತು, ಆ ಕಲಮನ್ನು ಉಳಿಸಿಕೊಳ್ಳಿ ಎಂದು ಕೇಳಿದ್ದಕ್ಕೇ ನಿರ್ದೇಶಕರಿಂದ ಆ ಮಾತು ಬಂದದ್ದು.

ಇನ್ನು ಬರೆಯುವುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಕಳೆದ ವರ್ಷ ನನಗೆ ಹೊಸ ಬಡಾವಣೆಯೊಂದರಲ್ಲಿ ಕೆಲಸ ಸಿಕ್ಕಿತು. ಮಂಜೂರಾತಿ ಆಗಲೇ ನನ್ನ ಫೋನಿಗೆ ಬಂದಿತ್ತು, ನಡೆಯಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಸಮಾಧಾನವಾಗದೆ ಸಾಹೇಬರಿಗೆ ಫೋನ್ ಮಾಡಿದೆ. “ಬರಬಾರ್ದು ಕಣೋ,” ಎಂದರು. ಆಮೇಲೆ ತಾವೇ, “ಎಷ್ಟೊತ್ತಿಗೆ?” ಎಂದರು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಡೆದೆವು. ಬಹಳ ದಿನಗಳ ಮೇಲೆ ಅವರು ನಗುತ್ತಿದ್ದರು. ಅವರ ಫೋನು ಸದ್ದು ಮಾಡದಂತೆ ಚೀಲದೊಳಗಿತ್ತು.

ಆ ಒಂದು ಗಂಟೆಯೊಳಗೆ ಪಾರ್ಸೆಲ್ ಕಂಪನಿಯೊಂದರ ಅರ್ಜಿ ಬಂದು, ಅರ್ಧ ಗಂಟೆ ಕಾದು, ಸಾಹೇಬರ ಹೆಸರಿನಲ್ಲಿ ಮಂಜೂರಾಯಿತು. ಮರುದಿನ ಬೆಳಿಗ್ಗೆ ಆ ಡ್ರೋನ್ ಹಳೆಯ ಪೇಟೆಯ ಮಾಳಿಗೆಯೊಂದಕ್ಕೆ ಬಿತ್ತು. ಅಲ್ಲಿ ಇಸ್ತ್ರಿ ಅಂಗಡಿ ನಡೆಸುವ ಅಕ್ಕನೊಬ್ಬಳು ಲಾಡ್ಜಿನ ಹಾಸುಗಳನ್ನು ಒಣಹಾಕುತ್ತಿದ್ದಳು. ತಿರುಗುತ್ತಿದ್ದ ರೆಕ್ಕೆಗೆ ಬಲಗೈಯ ಮೂರು ಬೆರಳು ಹೋದವು. ಆ ಬೀದಿಯಲ್ಲಿ ಒಂದೇ ಒಂದು ಸಲ ನಡೆದಿದ್ದರೂ ಅವಳು ದಿನಾ ಅದೇ ಹೊತ್ತಿಗೆ ಮಾಳಿಗೆಯಲ್ಲಿರುತ್ತಾಳೆಂದು ಯಾರಾದರೂ ಹೇಳುತ್ತಿದ್ದರು.

ವಿಚಾರಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಆ ಅರ್ಧ ಗಂಟೆ ಎಲ್ಲಿದ್ದಿರಿ? ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಸಾಹೇಬರು “ನೆನಪಿಲ್ಲ” ಎಂದರು. ನಿಯಮದ ಪ್ರತಿ ಪದವನ್ನೂ ಬಾಯಿಪಾಠ ಹೇಳುವವರಿಗೆ ನೆನಪಿಲ್ಲವಂತೆ. ನಾನು ಎದ್ದು ಒಳಗೆ ಹೋಗಬಹುದಿತ್ತು, ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು. ಹೋಗಲಿಲ್ಲ. ನನ್ನ ಪರವಾನಗಿ ಉಳಿಯಿತು. ಅವರ ಸೇವಾ ಪುಸ್ತಕದ ಕೊನೆಯ ಪುಟದಲ್ಲಿ ‘ಕರ್ತವ್ಯಲೋಪ’ ಎಂದು ಬರೆದರು. ಕಚೇರಿಯವರು ಬೀಳ್ಕೊಡುಗೆ ಮಾಡಲಿಲ್ಲ. ಅದಕ್ಕೇ ಈ ಗ್ರಂಥ.

ಕರ್ತವ್ಯಲೋಪ ಎಂದರೆ ಏನೆಂದು ನನ್ನನ್ನು ಕೇಳಿ. ಕಲಮನ್ನು ಕಿತ್ತವರದು, ಮೈಕಿನ ಮುಂದೆ ನಕ್ಕವರದು, ಬೆಂಚಿನ ಮೇಲೆ ಕುಳಿತವನದು. ಆ ಮಧ್ಯಾಹ್ನ ಅವರು ನನ್ನ ಜೊತೆ ನಡೆಯುತ್ತಿದ್ದರು. ಕರೆದವನು ನಾನು. ಇದು ಅಚ್ಚಾದ ದಿನ ನನ್ನ ಪರವಾನಗಿ ಹೋಗುತ್ತದೆ. ಹೋಗಲಿ. ಮೊಬೈಲ್ ರಿಪೇರಿ ಇನ್ನೂ ಮರೆತಿಲ್ಲ.

ನಿವೃತ್ತಿಯ ನಂತರ ಮಾನ್ಯರು ವಿಶ್ರಾಂತಿಯಲ್ಲಿದ್ದಾರೆಂದು ಬೇರೆ ಲೇಖನಗಳಲ್ಲಿ ಓದುತ್ತೀರಿ. ಹಾಗಿಲ್ಲ. ವಾರಕ್ಕೊಮ್ಮೆ ಇಸ್ತ್ರಿ ಅಂಗಡಿಗೆ ಹೋಗುತ್ತಾರೆ. ಅಕ್ಕನನ್ನು ಕೇಳಿದೆ. ಎಡಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ಎತ್ತಲು ಕಲಿಯುತ್ತಿದ್ದಳು.

“ಬರ್ತಾರೆ. ಬಟ್ಟೆ ಮಡಚಿ ಕೊಡ್ತಾರೆ. ಅದೂ ಸೊಟ್ಟ. ನಾನು ಬಾಯಿಗೆ ಬಂದಂಗೆ ಬೈತೀನಿ. ಪೂರ್ತಿ ಕೇಳಿಸ್ಕೊಂಡು ಹೋಗ್ತಾರೆ,” ಎಂದಳು.

ಅವರಿಗೆ ದೀರ್ಘಾಯುಸ್ಸು ಸಿಗಲಿ, ಕಾಲುಗಳಲ್ಲಿ ಶಕ್ತಿ ಉಳಿಯಲಿ, ಕಿತ್ತುಹಾಕಿದ ಆ ಕಲಂ ಮತ್ತೆ ಅರ್ಜಿಗೆ ಸೇರುವುದನ್ನು ಅವರು ಕಣ್ಣಾರೆ ಕಾಣಲಿ, ಹೊಸದಾಗಿ ಹಾರಿಸುವವರು ಅವರ ಮನೆಯ ಬಾಗಿಲು ತಟ್ಟುತ್ತಿರಲಿ ಎಂದು ಹೃತ್ಪೂರ್ವಕವಾಗಿ ಹಾರೈಸುತ್ತೇನೆ.

ಲೇಖನ ಇಲ್ಲಿಗೆ ಮುಗಿದಿತ್ತು. ಅವರನ್ನು ಕೇಳದೆ ಅಚ್ಚಿಗೆ ಕೊಡಲು ಮನಸ್ಸಾಗದೆ, ಮೊನ್ನೆ ಅವರ ಮನೆಗೆ ಒಯ್ದೆ. ಅವರ ಪತ್ನಿ ಕುರ್ಚಿ ಹಾಕಿದರೂ ಸಾಹೇಬರು ಕೂರದೆ, ಹೊಸಿಲಲ್ಲಿ ನಿಂತೇ ಎಲ್ಲ ಹಾಳೆಗಳನ್ನೂ ಓದಿದರು. ಪೆನ್ನು ಕೇಳಿದರು. ಒಂದು ಕಾಗುಣಿತ ತಿದ್ದಿದರು. ಆಮೇಲೆ, ಫೋನು ಸದ್ದು ಮಾಡದಂತೆ ಚೀಲದೊಳಗಿತ್ತು ಎಂಬ ಸಾಲಿನ ಪಕ್ಕದಲ್ಲಿ, ಕಡತದ ಟಿಪ್ಪಣಿ ಬರೆಯುವ ತಮ್ಮ ದುಂಡು ಅಕ್ಷರಗಳಲ್ಲಿ ಹೀಗೆ ಬರೆದರು: ‘ಅರ್ಜಿ ಬಂದ ಸದ್ದು ಕೇಳಿಸಿತ್ತು. ನಡಿಗೆ ಕೆಡುತ್ತದೆಂದು ತೆಗೆದು ನೋಡಲಿಲ್ಲ.’

ಹಾಳೆಗಳನ್ನು ನನ್ನ ಕೈಗಿಟ್ಟರು.

“ಸರ್, ಇದನ್ನೂ ಹಾಕ್ಲಾ?” ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು, ನನ್ನನ್ನು ದಾಟಿ ಬೀದಿಗಿಳಿದು ಹೋದರು.